ತೊಂಬತ್ತೈದನೆಯ ಶವದ ಲೆಕ್ಕ ಕೇಳಿದ ಲೇಖಕಿ

ಪತ್ತೇದಾರಿ ಕಾದಂಬರಿಯೆಂದರೆ ಓದಿ ಮರೆಯುವ ಪುಸ್ತಕ ಎಂಬ ತಾತ್ಸಾರ ಸಾಹಿತ್ಯವಲಯದಲ್ಲಿ ಹಳೆಯದು. ಅದಕ್ಕೆ ತಮ್ಮ ಬರವಣಿಗೆಯಿಂದಲೇ ಉತ್ತರ ನೀಡಿದವರು ಇಂಗ್ಲೆಂಡಿನ ಎಲ್ಲಿಸ್ ಪೀಟರ್ಸ್. ಅವರ ನಿಜನಾಮ ಈಡಿತ್ ಪಾರ್ಜಿಟರ್.

1913ರ ಸೆಪ್ಟೆಂಬರ್ 28ರಂದು ಶ್ರಾಪ್‌ಶೈರ್‌ನ ಹಾರ್ಸ್‌ಹೇ ಗ್ರಾಮದಲ್ಲಿ ಜನಿಸಿದ ಅವರು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಲಿಲ್ಲ. ಶಾಲೆ ಮುಗಿಸಿ, ಸಮೀಪದ ಡಾಲಿ ಪಟ್ಟಣದ ಔಷಧಿ ಅಂಗಡಿಯಲ್ಲಿ ಸಹಾಯಕಿಯಾದರು. ಮದ್ದು ಮತ್ತು ವಿಷಗಳ ನಡುವಿನ ಅಂತರ ಎಷ್ಟು ತೆಳುವೆಂಬ ಅರಿವು ಮುಂದೆ ಅವರ ಕಥೆಗಳಿಗೆ ಒದಗಿಬಂದಿತು. 1936ರಲ್ಲಿ ಮೊದಲ ಕಾದಂಬರಿ ಪ್ರಕಟವಾಯಿತು. ಎರಡನೆಯ ಮಹಾಯುದ್ಧದಲ್ಲಿ ನೌಕಾಪಡೆಯ ಮಹಿಳಾ ವಿಭಾಗ ಸೇರಿ ಟೆಲಿಪ್ರಿಂಟರ್ ನಿರ್ವಹಿಸಿದ ಅವರಿಗೆ 1944ರಲ್ಲಿ ಬ್ರಿಟಿಷ್ ಎಂಪೈರ್ ಪದಕ ದೊರೆಯಿತು. ಯುದ್ಧಾನಂತರ ಚೆಕ್ ಭಾಷೆ ಕಲಿತು, ಆ ಸಾಹಿತ್ಯವನ್ನು ಇಂಗ್ಲಿಷಿಗೆ ತಂದರು. ಸಮಕಾಲೀನ ಪತ್ತೇದಾರಿ ಕಥೆಗಳನ್ನೂ ಬರೆದರು. 1963ರಲ್ಲಿ ಅಮೆರಿಕದ ಎಡ್ಗರ್ ಪ್ರಶಸ್ತಿ ಸಂದಿತು. 1972ರ ಒಂದು ಕಾದಂಬರಿಗೆ ದಕ್ಷಿಣ ಭಾರತವೇ ಹಿನ್ನೆಲೆ.

ಆದರೆ ನಿಜವಾದ ಕೀರ್ತಿ ಬಂದದ್ದು ವಯಸ್ಸು ಅರವತ್ತು ದಾಟಿದ ಮೇಲೆ. 12ನೆಯ ಶತಮಾನದಲ್ಲಿ ಶ್ರೂಸ್‌ಬರಿ ಪಟ್ಟಣದ ಕ್ರೈಸ್ತ ಮಠದವರು ವೇಲ್ಸ್‌ನ ಹಳ್ಳಿಯೊಂದರಿಂದ ಸಂತ ವಿನಿಫ್ರೆಡಳ ಅಸ್ಥಿಗಳನ್ನು ತಂದದ್ದು ಚರಿತ್ರೆಯಲ್ಲಿ ದಾಖಲಾದ ಸಂಗತಿ. ಅದಕ್ಕೆ ಒಂದು ಕೊಲೆಯನ್ನು ಹೆಣೆದು, 1977ರಲ್ಲಿ ತಮ್ಮ ಮೊದಲ ಐತಿಹಾಸಿಕ ಪತ್ತೇದಾರಿ ಕಾದಂಬರಿ 'ಎ ಮಾರ್ಬಿಡ್ ಟೇಸ್ಟ್ ಫಾರ್ ಬೋನ್ಸ್' ಪ್ರಕಟಿಸಿದರು. ಅದರ ನಾಯಕ ಬ್ರದರ್ ಕ್ಯಾಡ್‌ಫೈಲ್, ಧರ್ಮಯುದ್ಧಗಳಲ್ಲಿ ಕಾದಾಡಿ ಬಂದು ಸನ್ಯಾಸ ಸ್ವೀಕರಿಸಿದ ವೇಲ್ಸ್‌ನವನು. ಮಠದ ಗಿಡಮೂಲಿಕೆ ತೋಟದ ಪಾಲಕ.

ಲೇಖಕಿಯ ನಿಲುವು ಸ್ಪಷ್ಟವಾಗಿ ಕಾಣುವುದು ಎರಡನೆಯ ಕಾದಂಬರಿಯಲ್ಲಿ. 1138ರಲ್ಲಿ ದೊರೆ ಸ್ಟೀಫನ್ ಶ್ರೂಸ್‌ಬರಿ ಕೋಟೆಯನ್ನು ವಶಪಡಿಸಿಕೊಂಡು, ಅದನ್ನು ಕಾಯುತ್ತಿದ್ದ 94 ಮಂದಿಯನ್ನು ಗಲ್ಲಿಗೇರಿಸಿದನೆಂದು ಚರಿತ್ರೆ ಹೇಳುತ್ತದೆ. ಕಾದಂಬರಿಯಲ್ಲಿ, ಶವಸಂಸ್ಕಾರಕ್ಕೆ ಹೋದ ಕ್ಯಾಡ್‌ಫೈಲ್ ಎಣಿಸಿದಾಗ ಸಿಗುವುದು 95. ರಾಜಾಜ್ಞೆಯ ಸಾವುಗಳ ರಾಶಿಯಲ್ಲಿ ಕೊಲೆಗಾರನೊಬ್ಬ ತನ್ನ ಪಾಪವನ್ನು ಅಡಗಿಸಿಟ್ಟಿರುತ್ತಾನೆ. ಅಷ್ಟು ಜನ ಸತ್ತಿರುವಾಗ ಇನ್ನೊಬ್ಬ ಯಾವ ಲೆಕ್ಕ ಎನ್ನುವ ಮನೋಭಾವವನ್ನು ಆ ಸನ್ಯಾಸಿ ಒಪ್ಪುವುದಿಲ್ಲ. ಸತ್ತವನಿಗೂ ಒಂದು ಹೆಸರಿದೆ, ನ್ಯಾಯದ ಹಕ್ಕಿದೆ ಎಂಬುದೇ ಆ ಕಥೆಯ ಜೀವಾಳ.

1994ರವರೆಗೆ ಈ ಸರಣಿಯಲ್ಲಿ 20 ಕಾದಂಬರಿಗಳು ಬಂದವು. ಅದೇ ವರ್ಷ ಡೆರೆಕ್ ಜಾಕೋಬಿ ಅಭಿನಯದ ಕಿರುತೆರೆ ಸರಣಿಯೂ ಆರಂಭವಾಯಿತು. 1995ರ ಅಕ್ಟೋಬರ್ 14ರಂದು ಪೀಟರ್ಸ್ ತಾವು ಹುಟ್ಟಿದ ಶ್ರಾಪ್‌ಶೈರ್‌ನಲ್ಲಿಯೇ ಕೊನೆಯುಸಿರೆಳೆದರು. ಶ್ರೂಸ್‌ಬರಿ ಮಠದ ದೇವಾಲಯದಲ್ಲಿ ಅವರ ನೆನಪಿಗಾಗಿ ಸಂತ ಬೆನೆಡಿಕ್ಟನ ಬಣ್ಣದ ಗಾಜಿನ ಚಿತ್ರವುಳ್ಳ ಕಿಟಕಿಯೊಂದಿದೆ. ಹುಟ್ಟಿದ ಸೀಮೆಯ ಇತಿಹಾಸವನ್ನೇ ಬಗೆದು, ಅದರಲ್ಲಿ ಕಳೆದುಹೋದ ಒಂದೊಂದು ಜೀವಕ್ಕೂ ಲೆಕ್ಕ ಕೇಳಿದ ಲೇಖಕಿಗೆ ಆ ನೆಲ ಸಲ್ಲಿಸಿದ ಗೌರವವದು.