ದೀಪ ಹಿಡಿದವಳ ಲೆಕ್ಕದ ಪುಸ್ತಕ

ಎಸ್ಸೆಸ್ಸೆಲ್ಸಿಯ ಗಣಿತ ಪರೀಕ್ಷೆ ಮುಗಿಸಿ ಹೊರಬಂದ ದಿನವೇ ಇನ್ನು ಲೆಕ್ಕದ ಸಹವಾಸ ಸಾಕು ಎಂದು ತೀರ್ಮಾನಿಸಿದವಳು ನಾನು. ಪಿಯುಸಿಯಲ್ಲಿ ಗಣಿತದ ಬದಲು ಬೇರೆ ವಿಷಯ ತೆಗೆದುಕೊಂಡೆ. ಬಿಎಸ್ಸಿ ನರ್ಸಿಂಗ್ ಸೇರಲು ಭೌತವಿಜ್ಞಾನ, ರಸಾಯನವಿಜ್ಞಾನ, ಜೀವವಿಜ್ಞಾನ ಇದ್ದರೆ ಸಾಕಿತ್ತು. ಸೇವೆ ಮಾಡಲು ಮಗ್ಗಿ ಯಾಕೆ ಬೇಕು ಎಂಬುದು ನನ್ನ ವಾದ.

ಆ ವಾದ ಮುರಿದು ಬಿದ್ದದ್ದು ಎರಡನೇ ವರ್ಷ, ಮಕ್ಕಳ ವಾರ್ಡಿನಲ್ಲಿ. 12 ಕೆ.ಜಿ. ತೂಕದ ಮಗು, ಜ್ವರ. ಕೆ.ಜಿ.ಗೆ 15 ಮಿ.ಗ್ರಾಂ.ನಂತೆ ಪ್ಯಾರಾಸಿಟಮಾಲ್ ಕೊಡಬೇಕೆಂದು ವೈದ್ಯರು ಬರೆದಿದ್ದರು. ಒಟ್ಟು 180 ಮಿ.ಗ್ರಾಂ. ಅಲ್ಲಿಯವರೆಗೆ ಸರಿ. ಸಿರಪ್‌ನ 5 ಎಂಎಲ್‌ನಲ್ಲಿ 250 ಮಿ.ಗ್ರಾಂ. ಇತ್ತು. ನನ್ನ ನೋಟ್‌ಬುಕ್ಕಿನಲ್ಲಿ ಉತ್ತರ 36 ಎಂಎಲ್ ಎಂದು ಬಂತು. ಬರಬೇಕಿದ್ದದ್ದು 3.6. ಸಿಸ್ಟರ್ ಬೈಯಲಿಲ್ಲ. 5 ಎಂಎಲ್ ಸಿರಿಂಜನ್ನು ನನ್ನ ಕೈಗಿಟ್ಟು, ಇದರಲ್ಲಿ ಮೂವತ್ತಾರು ತುಂಬಿಸಿ ತೋರಿಸು ಅಂದರು. ಆ ರಾತ್ರಿ ಹಾಸ್ಟೆಲ್‌ನಲ್ಲಿ ನಿದ್ದೆ ಬರಲಿಲ್ಲ. ಕೋರ್ಸ್ ಬಿಟ್ಟುಬಿಡುತ್ತೇನೆ ಎಂದು ಅಮ್ಮನಿಗೆ ಫೋನ್ ಮಾಡಿದ್ದೂ ಆಯಿತು.

ಅದೇ ವಾರ ಮೇ 12ರ ದಾದಿಯರ ದಿನಾಚರಣೆಗೆ ಭಾಷಣ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. ಫ್ಲಾರೆನ್ಸ್ ನೈಟಿಂಗೇಲ್ ಬಗ್ಗೆ ನನಗೆ ಗೊತ್ತಿದ್ದದ್ದು ದೀಪದ ಚಿತ್ರ ಒಂದೇ. ಓದುತ್ತಾ ಹೋದಂತೆ ದೀಪದ ಹಿಂದೆ ಒಂದು ಲೆಕ್ಕದ ಪುಸ್ತಕವೂ ಕಂಡಿತು.

ಆಕೆ 1820ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಹುಟ್ಟಿದ್ದು. ಊರಿನ ಹೆಸರೇ ಮಗಳ ಹೆಸರಾಯಿತು. ಶ್ರೀಮಂತ ಇಂಗ್ಲಿಷ್ ಮನೆತನ. ಅಪ್ಪನೇ ಮನೆಯಲ್ಲಿ ಗ್ರೀಕ್, ಲ್ಯಾಟಿನ್, ಚರಿತ್ರೆ ಕಲಿಸಿದರು. ಹುಡುಗಿಗೆ ಗಣಿತದ ಮೇಲೆ ಆಸೆ. ಮದುವೆಯಾಗಿ ಹೋಗುವವಳಿಗೆ ಇದೇಕೆ ಎಂದು ಅಮ್ಮ ಅಡ್ಡ ಬಂದರು. ಅತ್ತೆಯೊಬ್ಬರು ಪರವಾಗಿ ಮಾತಾಡಿದ ಮೇಲೆ ಪಾಠ ಶುರುವಾಯಿತು. (ನಮ್ಮ ಮನೆಯಲ್ಲಿ ಗಣಿತ ತಗೋ ಅಂದದ್ದು ಅಮ್ಮ, ಬೇಡ ಅಂದದ್ದು ನಾನು!) ನರ್ಸ್ ಆಗುತ್ತೇನೆ ಎಂದಾಗಲಂತೂ ಮನೆಯಲ್ಲಿ ರಂಪವೇ ಆಯಿತು. ಅಂಥ ಮನೆತನದ ಹೆಣ್ಣುಮಕ್ಕಳು ಮಾಡುವ ಕೆಲಸ ಅದಾಗಿರಲಿಲ್ಲ. ಕೊನೆಗೆ 1851ರಲ್ಲಿ ಜರ್ಮನಿಯ ಕೈಸರ್ಸ್‌ವೆರ್ತ್‌ಗೆ ಹೋಗಿ ತರಬೇತಿ ಪಡೆದಳು.

1854ರ ನವೆಂಬರ್‌ನಲ್ಲಿ, ಕ್ರಿಮಿಯಾ ಯುದ್ಧದ ಸಮಯ, 38 ದಾದಿಯರ ಜೊತೆ ಟರ್ಕಿಯ ಸ್ಕುಟಾರಿ ಆಸ್ಪತ್ರೆಗೆ ಬಂದಿಳಿದಳು. ಅಲ್ಲಿ ಸತ್ತವರ ಲೆಕ್ಕವೂ ಸರಿಯಾಗಿರಲಿಲ್ಲ. ಮೂರು ಕಡೆ ಮೂರು ದಾಖಲೆ, ಮೂರರಲ್ಲೂ ಬೇರೆ ಬೇರೆ ಸಂಖ್ಯೆ. ನಮ್ಮ ಪಠ್ಯಪುಸ್ತಕದ ಕಥೆಯಲ್ಲಿ ಆಕೆ ಬಂದ ಕೂಡಲೇ ಸಾವು ನಿಂತಿತು. ನಿಜದಲ್ಲಿ ಹಾಗಾಗಲಿಲ್ಲ. ಆಕೆ ಬಂದ ಮೇಲೂ ಇಡೀ ಚಳಿಗಾಲ ಸಾವು ಏರುತ್ತಲೇ ಹೋಯಿತು. 1855ರ ಮಾರ್ಚ್‌ನಲ್ಲಿ ಲಂಡನ್ನಿನಿಂದ ನೈರ್ಮಲ್ಯ ಆಯೋಗ ಬಂದು, ಚರಂಡಿ ತೊಳೆಸಿ, ನೀರು, ಗಾಳಿಯ ವ್ಯವಸ್ಥೆ ಸರಿಪಡಿಸಿದ ಮೇಲೆ ಇಳಿಯಿತು. ಇದನ್ನು ಓದಿ ಮೊದಲು ನನಗೆ ಸ್ವಲ್ಪ ಬೇಸರವಾಯಿತು. ಆಮೇಲೆ, ಆಕೆಯ ದೊಡ್ಡತನ ಇಲ್ಲಿಂದಲೇ ಶುರುವಾಗುತ್ತದೆ ಅನ್ನಿಸಿತು. ಊರಿಗೆ ಮರಳಿದಾಗ ಜನ ದೇವತೆಯಂತೆ ಕಾಣುತ್ತಿದ್ದರು. ಸನ್ಮಾನ ಮಾಡಿಸಿಕೊಂಡು ಕೂರಬಹುದಿತ್ತು. ಅದರ ಬದಲು ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಜೊತೆ ಕುಳಿತು, ಸೈನಿಕರು ಯಾವುದರಿಂದ ಸತ್ತರೆಂದು ತಿಂಗಳು ತಿಂಗಳ ಲೆಕ್ಕ ತೆಗೆದಳು.

1855ರ ಜನವರಿಯ ಸಾಲನ್ನು ನಾನು ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ಸೈನ್ಯದಲ್ಲಿದ್ದವರು 32,393. ಗಾಯದಿಂದ ಸತ್ತವರು 83. ತಡೆಯಬಹುದಾದ ರೋಗಗಳಿಂದ ಸತ್ತವರು 2,761. ಈ ಸಾವನ್ನು ಹನ್ನೆರಡರಿಂದ ಗುಣಿಸಿ, ಸಾವಿರದಿಂದ ಗುಣಿಸಿ, ಸೈನಿಕರ ಸಂಖ್ಯೆಯಿಂದ ಭಾಗಿಸಿದೆ. ವರ್ಷಕ್ಕೆ ಸಾವಿರಕ್ಕೆ ಸುಮಾರು 1,023 ಬಂತು. ನನ್ನದೇ ತಪ್ಪಿರಬೇಕೆಂದು ಎರಡು ಸಲ ಮಾಡಿದೆ. ತಪ್ಪಿರಲಿಲ್ಲ. ಅದೇ ವೇಗದಲ್ಲಿ ಸಾವು ನಡೆದಿದ್ದರೆ ಶತ್ರುವಿನ ಗುಂಡೇ ಬೇಡ, ವರ್ಷದೊಳಗೆ ಇಡೀ ಸೈನ್ಯ ರೋಗಕ್ಕೇ ಮುಗಿದುಹೋಗುತ್ತಿತ್ತು. ಮುಂದಿನ ವರ್ಷದ ಜನವರಿಯಲ್ಲಿ ರೋಗದಿಂದ ಸತ್ತವರು 42. ಇಷ್ಟಕ್ಕೆ ಬೇಕಾದದ್ದು ಗುಣಾಕಾರ, ಭಾಗಾಕಾರ. ಏಳನೇ ತರಗತಿಯ ಗಣಿತ!

ಸಂಖ್ಯೆಗಳ ಪಟ್ಟಿಯನ್ನು ಅಧಿಕಾರದಲ್ಲಿದ್ದವರು ಓದುವುದಿಲ್ಲ ಎಂಬುದು ಆಕೆಗೆ ಗೊತ್ತಿತ್ತು. ಹಾಗಾಗಿ ಹೂವಿನ ದಳದಂತೆ ಸುತ್ತ ಹರಡಿದ ನಕ್ಷೆ ಮಾಡಿಸಿದಳು. ತಿಂಗಳಿಗೊಂದು ದಳ. ರೋಗಕ್ಕೆ ನೀಲಿ, ಗಾಯಕ್ಕೆ ಕೆಂಪು, ಉಳಿದದ್ದಕ್ಕೆ ಕಪ್ಪು. ನೋಡಿದವರಿಗೆ ಮೊದಲು ಕಾಣುವುದು ನೀಲಿಯೇ. ಲಂಡನ್ನಿನ ಸ್ಟಾಟಿಸ್ಟಿಕಲ್ ಸೊಸೈಟಿಯ ಮೊದಲ ಮಹಿಳಾ ಸದಸ್ಯೆ ಆಕೆಯೇ. 1860ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನರ್ಸಿಂಗ್ ಶಾಲೆ ಆರಂಭವಾಯಿತು.

ಇಷ್ಟು ಹೊತ್ತಿಗೆ ಆರೋಗ್ಯ ಕೆಟ್ಟು, ಹೆಚ್ಚು ಹೊತ್ತು ಹಾಸಿಗೆಯಲ್ಲೇ ಇರುತ್ತಿದ್ದಳು. ಕೆಲಸ ಮಾತ್ರ ನಿಲ್ಲಲಿಲ್ಲ. ಭಾರತಕ್ಕೆ ಒಮ್ಮೆಯೂ ಬರದೆ, ಇಲ್ಲಿನ ಸೇನಾ ನೆಲೆಗಳಿಗೆ ಪ್ರಶ್ನಾವಳಿ ಕಳಿಸಿ ಉತ್ತರ ತರಿಸಿಕೊಂಡಳು. ಇಲ್ಲಿ ಬ್ರಿಟಿಷ್ ಸೈನಿಕರು ವರ್ಷಕ್ಕೆ ಸಾವಿರಕ್ಕೆ 69ರಂತೆ ಸಾಯುತ್ತಿದ್ದರು. ಆ ಉತ್ತರಗಳ ಮೇಲೆ ಆಕೆ ಬರೆದ ಟಿಪ್ಪಣಿಯಲ್ಲಿ ನಮ್ಮ ಬೆಂಗಳೂರಿನ ಹಲಸೂರು ಕೆರೆಯೂ ಇದೆ. ಪೇಟೆಯ ಕೊಳಚೆ ಹರಿದು ಸೇರುವ ನೀರನ್ನೇ ಜನ ಕುಡಿಯುತ್ತಿದ್ದರು ಎಂಬ ಸಂಗತಿ. 1910ರಲ್ಲಿ, 90ನೇ ವಯಸ್ಸಿನಲ್ಲಿ ಆಕೆ ತೀರಿಕೊಂಡಳು.

ಭಾಷಣದಲ್ಲಿ ದೀಪಕ್ಕೆ ಒಂದೇ ವಾಕ್ಯ ಸಿಕ್ಕಿತು, ಉಳಿದದ್ದೆಲ್ಲ ಲೆಕ್ಕ. ಗೆಳತಿಯರು ಆಕಳಿಸಿದರು, ಪರವಾಗಿಲ್ಲ. ಕೋರ್ಸ್ ಬಿಡಲಿಲ್ಲ. ರಜೆಗೆ ಊರಿಗೆ ಹೋದಾಗ ತಮ್ಮನ ಏಳನೇ ತರಗತಿಯ ಪುಸ್ತಕ ತೆಗೆದು, ದಶಮಾಂಶ ಮತ್ತು ಅನುಪಾತದ ಲೆಕ್ಕಗಳನ್ನು ಮೊದಲಿನಿಂದ ಮಾಡಿದೆ. ಅವನು ನಕ್ಕ. ನಗಲಿ ಬಿಡಿ.

ಕಳೆದ ವಾರ ರಾತ್ರಿ ಡ್ಯೂಟಿ. ವಯಸ್ಸಾದ ಅಜ್ಜ ಒಬ್ಬರಿಗೆ 1000 ಎಂಎಲ್ ಸಲೈನ್ 8 ಗಂಟೆಯಲ್ಲಿ ಹೋಗಬೇಕಿತ್ತು. ಸೆಟ್ ಎಂಎಲ್‌ಗೆ 20 ಹನಿಯದ್ದು. ಇಪ್ಪತ್ತು ಸಾವಿರವನ್ನು 480 ನಿಮಿಷದಿಂದ ಭಾಗಿಸಿದೆ, 41.6 ಚಿಲ್ಲರೆ ಬಂತು. ಸಿಸ್ಟರ್‌ಗೆ ತೋರಿಸಿದೆ. ಅವರು ಅವರಷ್ಟಕ್ಕೆ ಲೆಕ್ಕ ಮಾಡಿ ತಲೆಯಾಡಿಸಿದರು. ಕೈಗಡಿಯಾರ ನೋಡುತ್ತಾ ಹನಿ ಎಣಿಸಿದೆ. ಮೊದಲ ನಿಮಿಷಕ್ಕೆ 50 ಇತ್ತು. ಸ್ವಲ್ಪ ಬಿಗಿ ಮಾಡಿ ಮತ್ತೆ ಎಣಿಸಿದೆ. 42.