ಗಾನಯೋಗಿ ಪಂಚಾಕ್ಷರ ಗವಾಯಿಗಳು

ಕಣ್ಣಿಲ್ಲದೆ ಹುಟ್ಟಿದ ಮಗುವಿಗೆ ಭಿಕ್ಷೆಯೊಂದೇ ಗತಿಯೆಂದು ಜನರು ತೀರ್ಮಾನಿಸಿಬಿಡುತ್ತಿದ್ದ ಕಾಲವದು. ಇಂದಿನ ಹಾವೇರಿ ಜಿಲ್ಲೆಯ ಹಾನಗಲ್ಲು ತಾಲ್ಲೂಕಿನಲ್ಲಿ ಕಾಡಶೆಟ್ಟಿಹಳ್ಳಿ ಎಂಬ ಚಿಕ್ಕ ಗ್ರಾಮವಿದೆ. ಅಲ್ಲಿಯ ಗುರುಪಾದಯ್ಯ ಮತ್ತು ನೀಲಮ್ಮ ಎಂಬ ಬಡ ದಂಪತಿಗಳಿಗೆ 1892ರಲ್ಲಿ ಗದಿಗೆಯ್ಯ ಎಂಬ ಮಗನು ಜನಿಸಿದನು. ಅವನ ಅಣ್ಣ ಗುರುಬಸಯ್ಯನೂ ಅಂಧನೇ. ಇಬ್ಬರು ಕುರುಡು ಮಕ್ಕಳನ್ನು ಸಾಕುವ ಹೊರೆ ಆ ಬಡ ಮನೆಗೆ ಎಷ್ಟು ಭಾರವಾಗಿದ್ದಿರಬೇಕೆಂಬುದನ್ನು ಯಾರೂ ಊಹಿಸಬಹುದು.

ಆದರೆ ಆ ಬಾಲಕರ ಕಂಠ ಇಂಪಾಗಿತ್ತು. ಕಿವಿಗೆ ಬಿದ್ದ ಹಾಡನ್ನು ಅವರು ಹಾಗೆಯೇ ಹಾಡುತ್ತಿದ್ದರು. ಇದನ್ನು ಕೇಳಿದ ಹಾನಗಲ್ಲಿನ ಕುಮಾರಸ್ವಾಮಿಗಳು ಅವರಿಬ್ಬರನ್ನೂ ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. ಸ್ವಾಮಿಗಳು ಊರೂರು ಸಂಚರಿಸಿ, ಜೋಳಿಗೆ ಹಿಡಿದು, ಬಂದುದನ್ನು ವಿದ್ಯೆಗೂ ಅನ್ನಕ್ಕೂ ಸಲ್ಲಿಸುತ್ತಿದ್ದ ವಿರಕ್ತರು. ಬಾದಾಮಿಯ ಸಮೀಪದಲ್ಲಿ, ಮಲಪ್ರಭೆಯ ದಡದಲ್ಲಿ 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದವರೂ ಅವರೇ. ಅವರು ಕುರುಡು ಹುಡುಗನಿಗೆ ತುತ್ತು ಅನ್ನವಿತ್ತು ಸುಮ್ಮನಾಗಲಿಲ್ಲ. ಸಂಗೀತ ವಿದ್ಯೆಯನ್ನು ಕೊಡಿಸಿದರು. ಆ ವೆಚ್ಚವನ್ನು ಹೊತ್ತವರು ಹೆಸರಿಲ್ಲದ ಅಸಂಖ್ಯ ಹಳ್ಳಿಗರು.

ಗದಿಗೆಯ್ಯನು ಮೈಸೂರಿಗೆ ಹೋಗಿ ಕರ್ನಾಟಕ ಸಂಗೀತವನ್ನು ಕಲಿತನು. ಹಿಂದುಸ್ತಾನಿ ಸಂಗೀತಕ್ಕೆ ಅವನಿಗೆ ದೊರೆತ ಗುರು ಮಿರಜಿನ ನೀಲಕಂಠಬುವಾ. ಅಥಣಿ, ಕಾಗವಾಡಗಳ ಗಡಿಯಾಚೆ, ಕೃಷ್ಣಾ ನದಿಯ ಬಳಿಯಿರುವ ಮಿರಜ ಅಂದು ಸಂಗೀತದ ತವರಾಗಿತ್ತು. ಗ್ವಾಲಿಯರ್ ಗಾಯಕಿಯನ್ನು ದಕ್ಷಿಣಕ್ಕೆ ತಂದ ಬಾಲಕೃಷ್ಣಬುವಾ ಇಚಲಕರಂಜೀಕರರ ಶಿಷ್ಯರೇ ನೀಲಕಂಠಬುವಾ. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ನಮ್ಮ ಸಂಗೀತವು ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಇಳಿಯುವ ವಿದ್ಯೆ. ಅಲ್ಲಿ ಪುಸ್ತಕಕ್ಕಿಂತ ನೆನಪು ದೊಡ್ಡದು. ಆದುದರಿಂದ ಆ ಪಾಠಶಾಲೆಯಲ್ಲಿ ಕುರುಡನು ಯಾರಿಗೂ ಹಿಂದೆ ಬೀಳಬೇಕಾಗಿರಲಿಲ್ಲ. ಎರಡೂ ಪದ್ಧತಿಗಳಲ್ಲಿ ಪಾರಂಗತನಾದ ಗದಿಗೆಯ್ಯನು ಪಂಚಾಕ್ಷರ ಗವಾಯಿ ಎಂದು ಪ್ರಸಿದ್ಧನಾದನು.

ಇಷ್ಟಾದ ಮೇಲೆ ಯಾವುದಾದರೂ ಸಂಸ್ಥಾನದ ಆಸ್ಥಾನವನ್ನು ಸೇರಿ ಸುಖವಾಗಿರುವ ದಾರಿ ಅವರಿಗೆ ತೆರೆದಿತ್ತು. ಗವಾಯಿಗಳು ಆ ದಾರಿಯನ್ನು ಹಿಡಿಯಲಿಲ್ಲ. ಗುರುಗಳ ಆಣತಿಯಂತೆ ಅಂಧ ಮತ್ತು ಅನಾಥ ಬಾಲಕರನ್ನು ಕೂಡಿಸಿಕೊಂಡು ಸಂಚಾರಿ ಸಂಗೀತ ಪಾಠಶಾಲೆಯನ್ನು ನಡೆಸಿದರು. ಈ ಶಾಲೆಗೆ ಗೋಡೆಗಳಿರಲಿಲ್ಲ. ಇಂದು ಒಂದು ಊರು, ನಾಳೆ ಮತ್ತೊಂದು. ಊರವರು ಕೊಟ್ಟ ಸ್ಥಳದಲ್ಲಿ ವಾಸ, ಊರವರು ಕೊಟ್ಟ ಜೋಳದಲ್ಲಿ ಊಟ. ಜಾತಿಮತಗಳ ಭೇದವಿಲ್ಲದೆ, ಶುಲ್ಕವಿಲ್ಲದೆ ಪಾಠ ನಡೆಯುತ್ತಿತ್ತು. ಊರವರಿಂದ ಪಡೆದುದಕ್ಕೆ ಪ್ರತಿಯಾಗಿ ಗುರುಶಿಷ್ಯರು ಕೊಡುತ್ತಿದ್ದುದು ಹಾಡು, ಕೀರ್ತನೆ, ವಚನಗಾಯನ. ಇದನ್ನು ಭಿಕ್ಷೆ ಎನ್ನುವುದು ಸರಿಯಲ್ಲ. ಹಳ್ಳಿ ಅನ್ನವನ್ನು ಕೊಟ್ಟಿತು, ಶಾಲೆ ಸಂಗೀತವನ್ನು ಕೊಟ್ಟಿತು.

1930ರಲ್ಲಿ ಕುಮಾರಸ್ವಾಮಿಗಳು ಲಿಂಗೈಕ್ಯರಾದರು. ಬೆನ್ನಿಗಿದ್ದ ದೊಡ್ಡ ಆಸರೆ ಇಲ್ಲವಾಯಿತು. ಉಣ್ಣುವ ಬಾಯಿಗಳು ಮಾತ್ರ ಹೆಚ್ಚುತ್ತಲೇ ಇದ್ದವು. ಗವಾಯಿಗಳು ಯಾವ ಬಾಲಕನನ್ನೂ ಮರಳಿ ಕಳುಹಿಸಲಿಲ್ಲ. ಕೊನೆಗೆ ಗದಗಿನಲ್ಲಿ, ಬಸರಿಗಿಡದ ವೀರಪ್ಪನವರಂತಹ ಉದಾರಿಗಳ ನೆರವಿನಿಂದ, ಅಲೆಯುವ ಶಾಲೆಗೆ ನೆಲೆಯೊಂದು ಸಿಕ್ಕಿತು. ಅದೇ ವೀರೇಶ್ವರ ಪುಣ್ಯಾಶ್ರಮ.

ಗವಾಯಿಗಳ ಶಿಷ್ಯರಲ್ಲಿ ಕಣ್ಣುಳ್ಳವರೂ ಇದ್ದರು. ಮುಂದೆ ಭಾರತದಾದ್ಯಂತ ಕೀರ್ತಿಯನ್ನು ಗಳಿಸಿದ ಬಸವರಾಜ ರಾಜಗುರುಗಳು ಈ ಅಂಧ ಗುರುವಿನ ಬಳಿಯಲ್ಲಿಯೇ ಕಲಿತವರು. ಕಣ್ಣಿದ್ದವರಿಗೆ ಕಣ್ಣಿಲ್ಲದವರು ದಾರಿ ತೋರಿದ ಸೋಜಿಗವಿದು. ಹಾನಗಲ್ಲು ತಾಲ್ಲೂಕಿನದೇ ಆದ ದೇವಗಿರಿಯಿಂದ ಬಂದ ಪುಟ್ಟಯ್ಯನೆಂಬ ಅಂಧ ಬಾಲಕನನ್ನು ಗವಾಯಿಗಳು ಮಗನಂತೆ ಬೆಳೆಸಿದರು. 1944ರ ಜೂನ್ 11ರಂದು ಪಂಚಾಕ್ಷರ ಗವಾಯಿಗಳು ಲಿಂಗೈಕ್ಯರಾದಾಗ ಆಶ್ರಮದ ಹೊಣೆ ಆ ಶಿಷ್ಯನ ಹೆಗಲಿಗೆ ಬಂದಿತು. ಅವರೇ ಪುಟ್ಟರಾಜ ಗವಾಯಿಗಳು.

ಪುಟ್ಟರಾಜರು 2010ರವರೆಗೆ ಆಶ್ರಮವನ್ನು ನಡೆಸಿದರು. ಭಕ್ತರು ಊರೂರುಗಳಲ್ಲಿ ಅವರನ್ನು ತಕ್ಕಡಿಯಲ್ಲಿ ಕುಳ್ಳಿರಿಸಿ, ಅವರ ತೂಕದಷ್ಟು ನಾಣ್ಯಗಳನ್ನು ತೂಗಿ ಒಪ್ಪಿಸುತ್ತಿದ್ದರು. ಇಂತಹ ತುಲಾಭಾರಗಳು ಸಾವಿರಾರು ನಡೆದವು. ಆ ನಾಣ್ಯಗಳು ಆಶ್ರಮದ ಮಕ್ಕಳ ಅನ್ನಕ್ಕೂ ವಿದ್ಯೆಗೂ ಸಂದವು.