ಟಿಪ್ಪು ಸುಲ್ತಾನ್ ಮತ್ತು ಖಲೀಫರ ಫರ್ಮಾನು

ಟಿಪ್ಪು ಸುಲ್ತಾನ್ ಶಹೀದರೆಂದರೆ ನಮ್ಮ ವಿದ್ಯಾರ್ಥಿಗಳಿಗೆ ಹುಲಿ, ಖಡ್ಗ, ಶ್ರೀರಂಗಪಟ್ಟಣದ ಕೋಟೆ ನೆನಪಾಗುತ್ತವೆ. ನಮ್ಮದೇ ಜಿಲ್ಲೆಯ ತದಡಿ ಬಂದರು ಯಾರಿಗೂ ನೆನಪಾಗುವುದಿಲ್ಲ. ಶಿರಸಿಯಲ್ಲಿ ಹುಟ್ಟುವ ಅಘನಾಶಿನಿ ಸಮುದ್ರ ಸೇರುವ ಆ ಬಂದರಿನಿಂದಲೇ 1786ರ ಮಾರ್ಚ್‌ನಲ್ಲಿ ಸುಲ್ತಾನರ ರಾಯಭಾರಿಗಳು ಇಸ್ತಾಂಬುಲಿಗೆ ಹೊರಟರು.

1750ರಲ್ಲಿ ದೇವನಹಳ್ಳಿಯಲ್ಲಿ ಜನಿಸಿದ ಟಿಪ್ಪು, ತಂದೆ ಹೈದರಾಲಿಯವರ ನಿಧನಾನಂತರ 1782ರಲ್ಲಿ ಅಧಿಕಾರಕ್ಕೆ ಬಂದರು. ನಮ್ಮ ಸೋದೆ ಸೀಮೆ ಹೈದರಾಲಿಯವರ ಕಾಲದಲ್ಲೇ ಮೈಸೂರಿಗೆ ಸೇರಿತ್ತು. ರಾಜ್ಯವಿತ್ತು, ಸೈನ್ಯವಿತ್ತು. ಆದರೆ ನೆರೆಯ ನಿಜಾಮರ, ಮರಾಠರ ಕಣ್ಣಿಗೆ ಅವರು ಮೈಸೂರರಸರ ಸೇನಾನಿಯೊಬ್ಬರ ಮಗ, ಅಷ್ಟೆ. ಮನ್ನಣೆ ಕೊಡಬೇಕಾಗಿದ್ದ ದೆಹಲಿಯ ಬಾದಶಹ ಷಾ ಆಲಂ ಸ್ವತಃ ಮರಾಠರ ಹಿಡಿತದಲ್ಲಿದ್ದರು. ಹೀಗಾಗಿ ಸುಲ್ತಾನರು ದೆಹಲಿಯನ್ನು ಬಿಟ್ಟು ಉಸ್ಮಾನಿಯಾ ಖಲೀಫರತ್ತ ತಿರುಗಿದರು.

ಇದು ಹೊಸ ಪದ್ಧತಿಯಲ್ಲ. 1055ರಲ್ಲಿ ಸೆಲ್ಜೂಕ್ ತುಘ್ರಿಲ್ ಬೇಗ್ ಬಗ್ದಾದ್ ಪ್ರವೇಶಿಸಿದಾಗ ಆಡಳಿತ ಸುಲ್ತಾನರದಾಯಿತು, ಖಲೀಫರಿಗೆ ಹೆಸರು ಉಳಿಯಿತು. ಆದರೂ ಖಡ್ಗವಿದ್ದವರಿಗೆ ಆ ಹೆಸರೇ ಬೇಕಿತ್ತು. ಮುಹಮ್ಮದ್ ಬಿನ್ ತುಘಲಕರಂಥ ಬಲಶಾಲಿಯೂ ಕೈರೋದಲ್ಲಿದ್ದ ಅಬ್ಬಾಸಿ ಖಲೀಫರಿಂದ ಫರ್ಮಾನು ತರಿಸಿಕೊಂಡಿದ್ದರು.

ಗುಲಾಮ್ ಅಲಿ ಖಾನರ ಮುಖಂಡತ್ವದಲ್ಲಿ ನಾಲ್ಕು ಹಡಗುಗಳು, ಸುಮಾರು 900 ಜನ. ಜೊತೆಗೆ ಮೆಣಸು, ಏಲಕ್ಕಿ, ಶ್ರೀಗಂಧ. ದಾರಿಯಲ್ಲಿ ಹಡಗು ನಷ್ಟವಾಯಿತು, ರೋಗ ಬಂತು. ಮರಳಿ ಊರು ಕಂಡವರು ಕೆಲವೇ ಮಂದಿ. ಇಷ್ಟು ಜೀವ ತೆತ್ತು ಅವರು 1787ರಲ್ಲಿ ಖಲೀಫ ಅಬ್ದುಲ್ ಹಮೀದರ ಆಸ್ಥಾನ ತಲುಪಿದಾಗ ರಷ್ಯಾದೊಂದಿಗೆ ಯುದ್ಧ ಶುರುವಾಗಿತ್ತು. ಸ್ವತಂತ್ರ ದೊರೆಯೆಂಬ ಬಿರುದು, ನಾಣ್ಯ ಟಂಕಿಸುವ ಮತ್ತು ಖುತ್ಬಾ ಓದಿಸುವ ಅನುಮತಿ ಸಿಕ್ಕಿತು. ಇಂಗ್ಲಿಷರ ವಿರುದ್ಧ ಬೇಡಿದ ಸಹಾಯ ಸಿಗಲಿಲ್ಲ. 1789ರ ಕೊನೆಗೆ ರಾಯಭಾರಿಗಳು ಮರಳಿದರು.

ಮತ್ತೆ ಖಲೀಫರ ಪತ್ರ ಬಂದದ್ದು 1799ರ ಜನವರಿಯಲ್ಲಿ, ಅದೂ ಶತ್ರುವಾದ ಗವರ್ನರ್ ಜನರಲ್ ವೆಲ್ಲೆಸ್ಲಿಯ ಮೂಲಕ! ಫ್ರೆಂಚರ ಸಂಗ ಬಿಡಿ, ಇಂಗ್ಲಿಷರೊಂದಿಗೆ ವಿರೋಧ ಬೇಡ ಎಂಬುದು ಮೂರನೇ ಸಲೀಮರ ಸಲಹೆ. ಅವರನ್ನು ದೂರುವುದು ಸುಲಭ. ಆದರೆ ಹಿಂದಿನ ವರ್ಷವಷ್ಟೇ ನೆಪೋಲಿಯನ್ ಅವರ ಈಜಿಪ್ಟಿಗೆ ನುಗ್ಗಿದ್ದ. ಖಲೀಫರೂ ತಮ್ಮ ರಾಜ್ಯ ಕಾಯಬೇಕಾದ ಸುಲ್ತಾನರೇ. ಇತ್ತ ಟಿಪ್ಪುವಿಗೆ ಫ್ರೆಂಚರಲ್ಲದೆ ಬೇರೆ ಆಸರೆ ಉಳಿದಿರಲಿಲ್ಲ. ಫೆಬ್ರವರಿಯಲ್ಲಿ ಅವರು ಗೌರವದಿಂದಲೇ ಉತ್ತರ ಬರೆದರು, ಕಂಪೆನಿಗೆ ಮಾತ್ರ ಮಣಿಯಲಿಲ್ಲ.

ಮೇ 4ರಂದು ಕೋಟೆ ಬಿತ್ತು, ಸುಲ್ತಾನರು ಹೋರಾಡುತ್ತಲೇ ಶಹೀದರಾದರು. ಅದೇ ವರ್ಷ ತದಡಿಯ ಕರಾವಳಿಯೂ, ಘಟ್ಟದ ಮೇಲಿನ ಸೋದೆ ಸೀಮೆಯೂ ಕಂಪೆನಿಯ ಪಾಲಾದವು.